ನಲವತ್ತು ಲೀಟರಿನ ಚೀಲ

ಭುವನೇಶ್ವರಿ ಆ ದೊಡ್ಡ ಚೀಲವನ್ನು ಬೆನ್ನಿಗೇರಿಸಿ ಕನ್ನಡಿಯ ಮುಂದೆ ಒಮ್ಮೆ ತಿರುಗಿದಾಗ ಅರುಣಕುಮಾರ ಚೀಲವನ್ನು ನೋಡಲೇ ಇಲ್ಲ. ನೋಡಿದ್ದು ಬೆಲ್ಟಿನ ಕೆಳಗೆ ಸಿಕ್ಕಿಕೊಂಡ ಅವಳ ಜಡೆಯನ್ನು. ಬಿಡಿಸಲೆಂದು ಕೈ ಮುಂದೆ ಹೋಯಿತು, ಅಂಗಡಿಯ ನಜೀರಸಾಬರು ಎದುರಿಗೇ ಕೂತಿದ್ದಾರೆಂದು ನೆನಪಾಗಿ ಹಿಂದೆ ಬಂತು. ಮದುವೆ ನಿಶ್ಚಯವಾಗಿ ಎರಡು ತಿಂಗಳಾಗಿದ್ದರೂ ಗಜೇಂದ್ರಗಡದ ಬಜಾರಿನಲ್ಲಿ ಹುಡುಗಿಯ ಜಡೆ ಮುಟ್ಟುವಷ್ಟು ಧೈರ್ಯ ಅವನಿಗಿನ್ನೂ ಬಂದಿರಲಿಲ್ಲ.

ಅವಳೇ ಜಡೆ ಎಳೆದುಕೊಂಡಳು. ಕನ್ನಡಿಯಲ್ಲಿ ಅವನ ಕೈಯನ್ನೂ ನೋಡಿದ್ದಳು. ತುಟಿಯ ಒಂದು ಮೂಲೆ ಮಾತ್ರ ನಕ್ಕಿತು.

ಸೂಡಿಯ ನೇಕಾರರ ಮನೆಯ ಹುಡುಗಿ ಅವಳು. ಧಾರವಾಡದ ಯುನಿವರ್ಸಿಟಿಯಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ಮದುವೆ ಓದು ಮುಗಿದ ಮೇಲೆ ಎಂದು ಎರಡೂ ಮನೆಯವರು ಒಪ್ಪಿದ್ದರು. ಮೊದಲು ಒಪ್ಪಿದವನು ಅರುಣನೇ. ಅದನ್ನು ತಾನು ನೇಯುವ ಮಗ್ಗದ ಮನೆಯಲ್ಲಿ, ಚಹಾದ ಅಂಗಡಿಯಲ್ಲಿ ಹೇಳಿಕೊಂಡು ತಿರುಗಿದವನೂ ಅವನೇ.

"ಲ್ಯಾಪ್‌ಟಾಪಿಗೆ ಬ್ಯಾರೆ ಖಾನಿ ಐತಿ, ಪುಸ್ತಕಕ್ಕ ಬ್ಯಾರೆ," ಎಂದರು ನಜೀರಸಾಬರು. "ತಳದಾಗ ಸ್ಪಂಜ್ ಐತಿ. ಧಪ್ ಅಂತ ಇಟ್ರೂ ಲ್ಯಾಪ್‌ಟಾಪಿಗೆ ಪೆಟ್ಟು ಹತ್ತಂಗಿಲ್ಲ."

ಅವಳು ಮನೆಯಿಂದ ತಂದಿದ್ದ ಲ್ಯಾಪ್‌ಟಾಪನ್ನು ಒಳಗಿಟ್ಟು ನೋಡಿದಳು. ಜಿಪ್ಪನ್ನು ಮೂಲೆಯವರೆಗೂ ಎಳೆದಳು. ಬೆಲ್ಟಿನ ಹೊಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ನಲವತ್ತು ಲೀಟರಿನ ಚೀಲ, ಮಳೆ ಬಂದರೆ ಹೊದಿಸಲು ಒಂದು ಕವರು ಬೇರೆ.

"ಇದರಾಗ ನಿಮ್ಮನ್ನೂ ಹಾಕ್ಕೊಂಡು ಹೋಗಬಹುದು ನೋಡ್ರಿ," ಎಂದಳು ಅರುಣನಿಗೆ.

"ಒಯ್ಯಿರಲ್ಲ ಮತ್ತ."

"ಹಾಸ್ಟೆಲ್ಲಿನ್ಯಾಗ ಗಂಡಸರನ್ನ ಬಿಡಂಗಿಲ್ರಿ."

ನಜೀರಸಾಬರು ಮುಖ ತಿರುಗಿಸಿ ನಕ್ಕರು. ಅರುಣನ ಕಿವಿ ಕೆಂಪಾಯಿತು. ಇಷ್ಟಕ್ಕೇ ಮುಗಿದಿದ್ದರೆ ಎಲ್ಲ ನೆಟ್ಟಗಿರುತ್ತಿತ್ತು.

"ಖರೇನ ಚಲೋ ಐತ್ರಿ ಇದು," ಎಂದಳು ಅವಳು, ಕಣ್ಣು ಹೊಳೆಯುತ್ತಿದ್ದವು. "ಅರಿವಿ, ಅವ್ವನ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ತಿಂಗಳಿಗಾಗೂವಷ್ಟು ಹಿಡಸ್ತಾವ. ವಾರಾ ವಾರಾ ಬರೂ ತ್ರಾಸ ಇಲ್ಲ."

ಅರುಣನ ನಗು ಅಲ್ಲೇ ನಿಂತಿತು. ತಿಂಗಳಿಗೊಮ್ಮೆ! ಅವನು ಆಗಲೇ ಅವಳು ಬರುವ ರಜೆಯ ಐತವಾರಗಳನ್ನೆಲ್ಲ ಹಂಚಿಟ್ಟುಕೊಂಡಿದ್ದ. ಒಂದು ವಾರ ಕಾಲಕಾಲೇಶ್ವರನ ಗುಡ್ಡ, ಒಂದು ವಾರ ಇಟಗಿಯ ಭೀಮಾಂಬಿಕೆಯ ಗುಡಿ, ಒಂದು ವಾರ ಸುಮ್ಮನೆ ಅವಳ ಮನೆಯ ಕಟ್ಟೆ. ವಾರಕ್ಕೊಮ್ಮೆ ಬರ್ರಿ ಎಂದಿದ್ದರೆ ಆಗುತ್ತಿತ್ತು. ಆದರೆ ಓದಲು ಬಿಟ್ಟ ದೊಡ್ಡ ಮನುಷ್ಯ ಎನ್ನಿಸಿಕೊಂಡವನು ಈಗ ಹಾಗೆ ಕೇಳುವುದು ಹೇಗೆ? ಚೀಲ ಸಣ್ಣದಾದರೆ ರೊಟ್ಟಿ ಬೇಗ ಮುಗಿಯುತ್ತವೆ, ರೊಟ್ಟಿ ಮುಗಿದರೆ ಅವಳು ಬರುತ್ತಾಳೆ. ಪ್ರೀತಿ ತಲೆಗೇರಿದಾಗ ಇಂಥ ಲೆಕ್ಕಗಳು ಭಾರಿ ಜಾಣತನದಂತೆ ಕಾಣುತ್ತವೆ.

"ಭಾಳ ದೊಡ್ಡದಾತ್ರಿ," ಎಂದ. "ಹಿಂದಿನಿಂದ ನೋಡಿದ್ರ ನೀವು ಕಾಣೂದ ಇಲ್ಲ. ಚೀಲಕ್ಕ ಕಾಲು ಬಂದು ಹೊಂಟಂಗ ಕಾಣತೈತಿ."

ಅವಳು ಕನ್ನಡಿಯನ್ನು ಇನ್ನೊಮ್ಮೆ ನೋಡಲಿಲ್ಲ. ಚೀಲವನ್ನು ಮೆಲ್ಲಗೆ ಇಳಿಸಿದಳು. ಅರುಣನಿಗಿಂತ ಮೊದಲು ಅವಳನ್ನು ನೋಡಲು ಬಂದವರು, ಹುಡುಗಿ ಗಿಡ್ಡ ಎಂದು ಅವಳೆದುರಿಗೇ ಹೇಳಿ ಎದ್ದು ಹೋಗಿದ್ದರು. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಆಡಿದ್ದ.

"ಸಣ್ಣದ ಕೊಡ್ರಿ, ಸಾಬ್ರ," ಎಂದಳು.

ಗೆದ್ದ ಖುಷಿ ಅಂಗಡಿಯ ಮೆಟ್ಟಿಲು ಇಳಿಯುವ ತನಕವೂ ಉಳಿಯಲಿಲ್ಲ. ಸೂಡಿಯ ಬಸ್ಸು ಹತ್ತಿದವಳು ಕಿಟಕಿಯಿಂದ ಕೈ ಬೀಸಲಿಲ್ಲ. ಆಮೇಲೆ ಫೋನು ಮಾಡಿದರೆ ಎತ್ತಲಿಲ್ಲ. ಮೆಸೇಜಿಗೆ 'ಹೂಂ', 'ಆತ್ರಿ' ಇಷ್ಟೇ. ಮಗ್ಗದ ಮುಂದೆ ಕೂತರೆ ಅರುಣನಿಗೆ ಅವಳು ಚೀಲ ಇಳಿಸಿದ ರೀತಿಯೇ ಕಣ್ಣಿಗೆ ಕಟ್ಟುತ್ತಿತ್ತು. ಎಳೆ ಹರಿಯುತ್ತಿದ್ದವು, ಅಪ್ಪ ಬೈಯುತ್ತಿದ್ದ. ಬೈಸಿಕೊಳ್ಳುವುದೇ ಹಿತವೆನಿಸುತ್ತಿತ್ತು.

ಅವಳು ಧಾರವಾಡಕ್ಕೆ ಹೊರಟ ಸೋಮವಾರ ಬಸ್ಸಿನಲ್ಲಿ ಸೀಟು ಸಿಗಲೆಂದು ಗಜೇಂದ್ರಗಡಕ್ಕೇ ಬಂದಳು. ಜೊತೆಗೆ ತಾಯಿ ಸಾವಕ್ಕ. ಅರುಣ ಮುಟ್ಟುವ ಹೊತ್ತಿಗೆ ಸಾವಕ್ಕ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಆ ಸಣ್ಣ ಚೀಲದೊಂದಿಗೆ ಗುದ್ದಾಡುತ್ತಿದ್ದಳು. ಲ್ಯಾಪ್‌ಟಾಪ್ ಇಟ್ಟರೆ ರೊಟ್ಟಿ ಹಿಡಿಯಲೊಲ್ಲವು, ರೊಟ್ಟಿ ಇಟ್ಟರೆ ಜಿಪ್ಪು ಹತ್ತಲೊಲ್ಲದು. ಕೊನೆಗೆ ಭುವನೇಶ್ವರಿಯೇ ರೊಟ್ಟಿಯ ಗಂಟನ್ನು ಹೊರಗೆ ತೆಗೆದಳು.

"ಇರಲಿ ಬಿಡವ್ವ. ಮೆಸ್ಸಿನ್ಯಾಗ ಉಣ್ತೀನಿ."

ಅರುಣನ ಕಡೆ ನೋಡದೆ ಬಸ್ಸು ಹತ್ತಿದಳು. ಬಸ್ಸು ಹೊರಟುಹೋಯಿತು. ಸಾವಕ್ಕ ಗಂಟನ್ನು ಎದೆಗವಚಿಕೊಂಡು ಸ್ವಲ್ಪ ಹೊತ್ತು ನಿಂತಳು, ಆಮೇಲೆ ಅದನ್ನು ಅವನ ಕೈಗಿಟ್ಟಳು.

"ನೀವರ ಉಣ್ರಿ. ಮನಿಗೆ ತಿರುಗಿ ಒಯ್ಯಾಕ ಮನಸು ಬರವಲ್ದು." ಮತ್ತೆ ದನಿ ತಗ್ಗಿಸಿ, "ಏನರ ಮಾತು ಬಂದೈತೇನ್ರಿ ನಿಮ್ಮಿಬ್ಬರೊಳಗ? ಲಗ್ನದ ಮಾತು ತೆಗದ್ರ ಎದ್ದು ಹೋಗ್ತಾಳ. ಈ ಸಂಬಂಧ ಬ್ಯಾಡವಾ ಅಂತ ಕೇಳಿದ್ರೂ ಸುಮ್ಮನ," ಎಂದಳು.

ಮಗಳಿಗೆಂದು ಬಡಿದ ರೊಟ್ಟಿ ಅವನ ಕೈಯಲ್ಲಿತ್ತು. ಇದಕ್ಕಿಂತ ಸಾವಕ್ಕ ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು.

ಅವನು ಬೈಕು ತಿರುಗಿಸಿ ನೇರ ನಜೀರಸಾಬರ ಅಂಗಡಿಗೆ ಹೋದ. "ಆ ದೊಡ್ಡದು ಐತೇನ್ರಿ?"

"ಐತಿ. ನೀ ಬರ್ತೀ ಅಂತ ಗೊತ್ತಿತ್ತು, ಇಷ್ಟು ತಡಾ ಮಾಡ್ತೀ ಅಂತ ಗೊತ್ತಿರಲಿಲ್ಲ," ಎಂದರು ಸಾಬರು. "ಆ ಹುಡುಗಿ ಮಾರಿ ನೋಡಿ ನನಗ ಕೆಟ್ಟನಿಸ್ತು. ನಿನಗ ಅನಿಸಲಿಲ್ಲೇನು?"

ರೊಟ್ಟಿಯ ಗಂಟನ್ನು ಚೀಲದಲ್ಲಿಟ್ಟು, ಚೀಲವನ್ನು ಬೆನ್ನಿಗೆ ಹಾಕಿ ಬಸ್ಸಿನ ಹಿಂದೆ ಹೊರಟ. ಬಯಲು ಗಾಳಿಗೆ ಚೀಲ ಅವನನ್ನು ಹಿಂದಕ್ಕೆ ಎಳೆಯುತ್ತಿತ್ತು. ದಾರಿಯಲ್ಲಿನ ರೋಣದ ಬಸ್‌ಸ್ಟ್ಯಾಂಡಿಗೆ ಬಂದರೆ ಬಸ್ಸು ಆಗಷ್ಟೇ ಬಿಟ್ಟಿತ್ತು. ಫೋನು ಮಾಡಿದ, ಎತ್ತಲಿಲ್ಲ. 'ನರಗುಂದದಾಗ ಇಳೀರಿ. ರೊಟ್ಟಿ ತಂದೀನಿ' ಎಂದು ಮೆಸೇಜು ಹಾಕಿ ಮತ್ತೆ ಬೈಕು ಓಡಿಸಿದ.

ನರಗುಂದದಲ್ಲಿ ಬಸ್ಸು ಚಹಾಕ್ಕೆ ನಿಂತಿತ್ತು. ಅವಳು ಕೆಳಗಿಳಿದು, ಸಣ್ಣ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ನಿಂತಿದ್ದಳು. ಧೂಳು ಮೆತ್ತಿದ ಅವನ ಮುಖವನ್ನು ಒಮ್ಮೆ ನೋಡಿದಳು, ಅವನ ಬೆನ್ನಿನ ಮೇಲಿದ್ದುದನ್ನು ಒಮ್ಮೆ.

"ರೊಟ್ಟಿ ಕೊಡಾಕ ಇಷ್ಟು ದೂರ ಬಂದ್ರೇನು?"

"ಅಲ್ರಿ. ಸುಳ್ಳು ಹೇಳಿದ್ದೆ. ನಿಮ್ಮ ಬೆನ್ನಿಗೆ ಇದು ಒಪ್ಪಿತ್ತು. ದೊಡ್ಡದು ತಗೊಂಡ್ರ ತಿಂಗಳಿಗೊಮ್ಮಿ ಬರ್ತೀನಂದ್ರಿ. ಸಣ್ಣದಾದ್ರ ವಾರಾ ಬರ್ತೀರಿ ಅಂತ..."

ಅವಳು ಕಾಲ ಬಳಿಯ ಸಣ್ಣ ಚೀಲವನ್ನು ನೋಡಿದಳು. "ಗಿಡ್ಡಿ ಅಂತ ಮಂದಿ ಅಂದಾಗ ನಾ ಅತ್ತಿರಲಿಲ್ರಿ. ನೀವು ಅಂದಾಗ ಅತ್ತೆ. ನನ್ನ ಜೋಡಿ ನಾಲ್ಕು ಮಂದ್ಯಾಗ ನಡ್ಯಾಕ ನಿಮಗ ನಾಚಿಕಿ ಆಗತೈತಿ ಅನ್ಕೊಂಡೆ. ಅಂಥವರನ್ನ ಹ್ಯಾಂಗ ಲಗ್ನ ಆಗಲಿ?"

ಅರುಣ ನೆಲ ನೋಡಿದ. ನಾಚಿಕೆ ಎಂದರೆ ಏನೆಂದು ಅವನಿಗೆ ಈಗ ತಿಳಿಯುತ್ತಿತ್ತು. "ತಪ್ಪಾತ್ರಿ," ಎಂದ.

"ವಾರಾ ಬಾ ಅನ್ನಾಕ ಏನಾಗಿತ್ತು?"

"ನಾಚಿಕಿ ಬಂತ್ರಿ."

"ನನ್ನ ನಾಚಿಸುವಾಗ ಬರಲಿಲ್ಲೇನು?"

ಅವನು ದೊಡ್ಡ ಚೀಲವನ್ನು ಇಳಿಸಿ ಅವಳ ಮುಂದಿಟ್ಟ. ಬಾಕಿನ ಮೇಲೆ ಕೂತು ಅವಳು ಒಂದೊಂದೇ ಸಾಮಾನನ್ನು ದೊಡ್ಡ ಚೀಲಕ್ಕೆ ತುಂಬಿದಳು. ಲ್ಯಾಪ್‌ಟಾಪ್, ಪುಸ್ತಕ, ಅರಿವೆ, ಮೇಲೆ ರೊಟ್ಟಿ. ಜಿಪ್ಪು ಸರಾಗವಾಗಿ ಹತ್ತಿತು. ಬೆನ್ನಿಗೇರಿಸಿಕೊಂಡಾಗ ಜಡೆ ಮತ್ತೆ ಬೆಲ್ಟಿನ ಕೆಳಗೆ ಸಿಕ್ಕಿತು. ಈ ಸಲ ಅರುಣ ಯಾರಿದ್ದಾರೆಂದು ನೋಡದೆ ಅದನ್ನು ಬಿಡಿಸಿದ. ಅವಳು ಬೇಡವೆನ್ನಲಿಲ್ಲ.

"ಹಂಗಾದ್ರ ಈಗರ ವಾರಾ ಬಾ ಅನ್ರಿ," ಎಂದಳು, ಮುಖ ತಿರುಗಿಸದೆ.

ಸುತ್ತ ಚಹಾ ಕುಡಿಯುವವರು, ಕಾಲೇಜಿನ ಹುಡುಗಿಯರು, ಕಂಡಕ್ಟರು. ಅರುಣ ಒಬ್ಬೊಬ್ಬರ ಮುಖವನ್ನೂ ನೋಡಿದ. ಅವಳು ಕಾದಳು. ಅಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆದ. ನಿಟ್ಟುಸಿರು ಬಿಟ್ಟು ಅವಳು ಬಸ್ಸು ಹತ್ತಿದಳು.

ಬಸ್ಸು ಅಲುಗಿದ ಮೇಲೆ ಅವನಿಗೆ ದನಿ ಬಂತು. ಕಿಟಕಿಯ ಬದಿಗೆ ಓಡುತ್ತಾ ಕೂಗಿದ.

"ಭುವಿ, ವಾರಾ ಬಾ! ನೀ ಇಲ್ಲಂದ್ರ ನನಗ ಹೊತ್ತ ಹೋಗಂಗಿಲ್ಲ!"

ಬಸ್ಸಿಗೆ ಬಸ್ಸೇ ಹೊರಳಿ ನೋಡಿತು. ಯಾರೋ ಸೀಟಿ ಹೊಡೆದರು. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ನಗು ಸೋರಿತು. ಆಮೇಲೆ ಕಿಟಕಿಯಿಂದ ಮುಖ ಹೊರಗೆ ಹಾಕಿ ಅಷ್ಟೇ ಜೋರಾಗಿ ಕೂಗಿದಳು.

"ನಾನ ಯಾಕ ಬರಬೇಕ್ರಿ? ನೀವ ಬರ್ರಿ! ಧಾರವಾಡಕ್ಕ ಬಸ್ ನನಗೊಬ್ಬಾಕಿಗೇ ಬಿಟ್ಟಾರೇನು?"

ಬಸ್ಸು ತಿರುವಿನಲ್ಲಿ ಮರೆಯಾಯಿತು. ಅರುಣ ಅಲ್ಲೇ ನಿಂತ. ಹಂಚಿಟ್ಟುಕೊಂಡಿದ್ದ ಅಷ್ಟೂ ಐತವಾರಗಳಲ್ಲಿ ಅವಳು ಬರುತ್ತಿದ್ದಳು, ಅವನು ಕಾಯುತ್ತಿದ್ದ. ತಾನೂ ಹೋಗಬಹುದೆಂದು ಒಂದು ದಿನವೂ ಹೊಳೆದಿರಲಿಲ್ಲ. ಅವನ ಮುಖ ಮತ್ತೊಮ್ಮೆ ಬಿಸಿಯಾಯಿತು. ಆದರೆ ನಗುವೂ ಬರುತ್ತಿತ್ತು.

ವಿಚಾರಣೆಯ ಕಿಟಕಿಗೆ ಹೋದ. "ಐತವಾರ ಗಜೇಂದ್ರಗಡದಿಂದ ಧಾರವಾಡಕ್ಕ ಮೊದಲನೇ ಬಸ್ ಎಷ್ಟಕ್ಕ ಐತ್ರಿ?"

"ಇವತ್ತಿನ್ನೂ ಸೋಮವಾರಪಾ," ಎಂದ ಒಳಗಿದ್ದವನು.

"ಗೊತ್ತೈತ್ರಿ," ಎಂದ ಅರುಣ. "ನೀವು ಹೇಳ್ರಿ."