ಬಾಯಿಲ್ಲದ ಆರು ಮುಖಗಳು

ನಲ್ಲಿಯ ಕೆಳಗೆ ಕುಳಿತು ನಜಮಾ ಒಂದೊಂದೇ ಬ್ರಷ್ ತೊಳೆಯುತ್ತಿದ್ದಳು. ಕೆಂಪು ಬಿಟ್ಟಿತು. ಹಳದಿ ಬಿಟ್ಟಿತು. ಕಪ್ಪು ಮಾತ್ರ ಎಷ್ಟು ತಿಕ್ಕಿದರೂ ಬಿಡುತ್ತಿರಲಿಲ್ಲ.

ಪಕ್ಕದಲ್ಲಿ ಒಬ್ಬ ಬಂದು ಕುಳಿತ. ಬಣ್ಣದ ಬಟ್ಟಲುಗಳನ್ನು ತೊಳೆಯತೊಡಗಿದ.

"ಕಪ್ಪಿಗೆ ಸ್ವಲ್ಪ ಸಬಕಾರ ಹಚ್ಚರಿ, ಬಿಡತೈತಿ," ಎಂದ.

ನಜಮಾ ತಲೆ ಎತ್ತಲಿಲ್ಲ.

"ನಿಮಗ ಹೇಳಿದ್ದು... ಬಾಯಿಲ್ಲೇನ್ರಿ?" ಎಂದು ನಕ್ಕ.

ಅವಳ ಕೈಯಿಂದ ಬ್ರಷ್ ಜಾರಿ ಬಿತ್ತು. ಯಾರಾದರೂ ಮಾತಾಡಿಸಿದರೆ ಉತ್ತರ ಕೊಡಬೇಕು ಎಂಬುದೇ ಅವಳಿಗೆ ಮರೆತುಹೋಗಿತ್ತು. ಎದ್ದು ಒಳಗೆ ಹೋಗಿಬಿಟ್ಟಳು. ಹಿಂದೆ ಅವನ ನಗು ಅರ್ಧಕ್ಕೇ ನಿಂತದ್ದು ಅವಳಿಗೆ ಕೇಳಿಸಿತು...

ಅವನ ಹೆಸರು ಇನಾಯತ. ಲಕ್ಷ್ಮೇಶ್ವರದಲ್ಲಿ ಅಂಗಡಿಗಳ ಬೋರ್ಡ್ ಬರೆಯುತ್ತಿದ್ದವನು. ಫ್ಲೆಕ್ಸ್ ಬಂದ ಮೇಲೆ ಬೋರ್ಡ್ ಬರೆಸುವವರು ಕಡಿಮೆಯಾಗಿದ್ದರು. ಶನಿವಾರ ಬೆಟಗೇರಿಯ ಈ ಹಾಲ್‌ಗೆ ಹಾಳೆ, ಬಣ್ಣ ತಂದುಕೊಡುವುದು, ಬಿಡಿಸಿದ ಚಿತ್ರಗಳನ್ನು ಗೋಡೆಗೆ ಅಂಟಿಸುವುದು ಅವನ ಕೆಲಸ.

ಅಲ್ಲಿ ನಡೆಯುತ್ತಿದ್ದದ್ದು ಚಿತ್ರ ಕಲಿಸುವ ಕ್ಲಾಸ್ ಅಲ್ಲ. ಹೇಳಲಾಗದ್ದನ್ನು ಹಾಳೆಯ ಮೇಲೆ ಇಟ್ಟು ಮನಸ್ಸು ಹಗುರ ಮಾಡಿಕೊಳ್ಳುವ ಕ್ಲಾಸ್. ಅದನ್ನು ನಡೆಸಲು ಗದಗಿನಿಂದ ಬರುತ್ತಿದ್ದ ಸುಶ್ಮಿತಾ ಅಕ್ಕೋರು ಯಾರ ಚಿತ್ರವನ್ನೂ ಚಂದ ಎನ್ನುತ್ತಿರಲಿಲ್ಲ, ಕೆಟ್ಟದ್ದು ಎನ್ನುತ್ತಿರಲಿಲ್ಲ. ಪಕ್ಕದಲ್ಲಿ ಕುಳಿತು "ಇಲ್ಲಿ ಏನ ನಡದೈತಿ?" ಎಂದಷ್ಟೇ ಕೇಳುತ್ತಿದ್ದರು. ಒಬ್ಬರ ಹಾಳೆಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ ಎಂದು ಮೊದಲ ದಿನವೇ ಬಿಡಿಸುವವರಿಗೆಲ್ಲ ಹೇಳಿದ್ದರು.

ಅಂಟಿಸುವವನಿಗೆ ಹೇಳಿರಲಿಲ್ಲ.

ಗಂಡ ಸತ್ತ ಮೇಲೆ ನಿದ್ದೆ ಕಳೆದುಕೊಂಡಿದ್ದ ಕಳಕವ್ವ ಮೂರು ವಾರ ಹಾಳೆಗೆ ಬರೀ ಕಪ್ಪು ಬಳಿದಳು. ಒಮ್ಮೆ ಇನಾಯತ ಇಣುಕಿ ನೋಡಿದ.

"ಎಮ್ಮಿ ಚಲೋ ಬಂದೈತಿ, ಕಳಕವ್ವ."

"ಎಮ್ಮಿ ಅಲ್ಲೋ ಮಾರಾಯಾ, ನಮ್ಮತ್ತಿ."

ಎಲ್ಲರೂ ನಕ್ಕರು. ನಗುತ್ತ ನಗುತ್ತಲೇ ಕಳಕವ್ವ ಅಳತೊಡಗಿದಳು. ಅಕ್ಕೋರು ತಡೆಯಲಿಲ್ಲ. ಅಂದು ನಜಮಾಳ ತುಟಿಯ ಅಂಚಿನಲ್ಲೂ ಒಂದು ಸಣ್ಣ ನಗು ಬಂದು ಹೋಯಿತು. ಅದನ್ನು ನೋಡಿದವನು ಇನಾಯತ ಒಬ್ಬನೇ. ಆಮೇಲೆ ವಾರವಿಡೀ ಅದೇ ಅವನ ಕಣ್ಣ ಮುಂದೆ ಇತ್ತು.

'ಇಕಿ ಹಿಂಗ ನಕ್ಕೊಂತ ಇದ್ರ ಎಷ್ಟ ಚಂದ...'

ಅವನ ಜೊತೆ ಅವಳು ಆಡಿದ್ದು ನಾಲ್ಕೇ ಮಾತು. "ಹಾಳಿ ಕೊಡ್ರಿ." "ಸಾಕ್ರಿ." ಆದರೂ ಶನಿವಾರ ಬೆಳಿಗ್ಗೆ ಅವನು ಎಂಟರ ಬಸ್ಸು ಬಿಟ್ಟು ಏಳರ ಬಸ್ಸಿಗೇ ಬರುತ್ತಿದ್ದ. ಅವಳೂ ಬ್ರಷ್ ತೊಳೆಯಲು ಬೇಕೆಂದೇ ತಡ ಮಾಡುತ್ತಿದ್ದಳು. ಅದನ್ನು ಅವಳು ತನಗೂ ಹೇಳಿಕೊಂಡಿರಲಿಲ್ಲ.

ನಾಲ್ಕನೆಯ ಶನಿವಾರ ನಜಮಾ ಒಂದು ಚಿತ್ರ ಮುಗಿಸಿದಳು.

ಆರು ಜನ ಸುತ್ತಲೂ ಕುಳಿತು ಉಣ್ಣುತ್ತಿದ್ದಾರೆ. ಅಡಿಗೆಮನೆಯ ಬಾಗಿಲಲ್ಲಿ ಒಬ್ಬಳು ರೊಟ್ಟಿ ಹಿಡಿದು ನಿಂತಿದ್ದಾಳೆ. ಆ ಆರೂ ಜನಕ್ಕೆ ಕಣ್ಣಿವೆ, ಮೂಗಿದೆ. ಒಬ್ಬನಿಗೆ ಮೀಸೆ, ಒಬ್ಬಳಿಗೆ ಮೂಗುಬೊಟ್ಟು. ಬಾಯಿ ಮಾತ್ರ ಯಾರಿಗೂ ಇಲ್ಲ.

"ಇಲ್ಲಿ ಏನ ನಡದೈತಿ?" ಎಂದರು ಅಕ್ಕೋರು.

"ಉಣ್ಣಾಕತ್ತಾರ."

"ಹೂಂ."

"ನನ್ನ ಜೋಡಿ... ಮಾತಾಡಂಗಿಲ್ಲ ಅಕ್ಕೋರ."

ಅಷ್ಟು ಹೊರಬಿದ್ದ ಮೇಲೆ ಉಳಿದದ್ದು ತಾನಾಗಿಯೇ ಬಂತು. ಮುಂಡರಗಿಯ ಗಂಡನ ಮನೆ. ಮದುವೆಯಾದ ಎರಡನೆಯ ತಿಂಗಳು, ಗಂಡ ಮುಸ್ತಾಕ ಕೆಲಸ ಬಿಟ್ಟಿದ್ದಾನೆಂದು ಪಕ್ಕದ ಮನೆಯವಳ ಮುಂದೆ ಬಾಯಿ ತಪ್ಪಿ ಆಡಿದ್ದಳು. ಮನೆಯ ಮಾತು ಹೊರಗೆ ಹಾಕಿದಳೆಂದು ಅತ್ತೆ ಅಂದೇ ಅಪ್ಪಣೆ ಮಾಡಿದಳು. ಇಕಿ ಜೋಡಿ ಯಾರೂ ಮಾತಾಡಬ್ಯಾಡ್ರಿ.

ಹನ್ನೊಂದು ತಿಂಗಳು ಯಾರೂ ಮಾತಾಡಲಿಲ್ಲ. ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ. ಉಪ್ಪು ಬೇಕಾದರೆ ಗಂಡ ಗೋಡೆಯ ಕಡೆ ನೋಡಿ "ಉಪ್ಪು" ಎನ್ನುತ್ತಿದ್ದ. ಕೊನೆಗೆ ಅವಳು ಬೆಟಗೇರಿಯ ತವರಿಗೆ ಬಂದುಬಿಟ್ಟಿದ್ದಳು.

"ಅಪ್ಪಗ ಹೇಳಿದ್ಯಾ?"

"ಹೇಳಿದೆ. 'ಹೊಟ್ಟಿಗೆ ಹಾಕತಾರಿಲ್ಲೋ' ಅಂದ. 'ಅವ್ವಾ' ಅಂದ್ರ, 'ನಿನಗ ಮಾತು ಬೇಕೋ, ಸಂಸಾರ ಬೇಕೋ' ಅಂದಳು. ಮುಂದಿನ ರವಿವಾರ ಕರಕೊಂಡ ಹೋಗಾಕ ಬರತಾರ."

ಅಕ್ಕೋರು ಹಾಳೆಯನ್ನು ನೋಡಿದರು. "ಮುಂದಿನ ಶನಿವಾರ ಎಲ್ಲಾರ ಮನಿಯವರೂ ಚಿತ್ರ ನೋಡಾಕ ಬರತಾರ. ಇದನ್ನ ಅಪ್ಪಗ ತೋರಸ್ತೀ? ನಾ ಏನೂ ಹೇಳಂಗಿಲ್ಲ. ಹೇಳಾಕಿ ನೀನ."

"ತೋರಸ್ತೀನಿ," ಎಂದಳು ನಜಮಾ. ಅಂದು ಅವಳು ಮನೆಗೆ ನಡೆದುಹೋಗುವಾಗ ಕಾಲು ಹಗುರಾಗಿದ್ದವು.

ಶುಕ್ರವಾರ ಸಂಜೆ ಇನಾಯತ ಒಬ್ಬನೇ ಚಿತ್ರಗಳನ್ನು ಅಂಟಿಸುತ್ತಿದ್ದ. ಅವಳ ಹಾಳೆ ಕೈಗೆ ಬಂದಾಗ ನಿಂತುಬಿಟ್ಟ. ಕೊನೆಯ ಗೆರೆ ಎಳೆಯದ ಬೋರ್ಡು ಗಿರಾಕಿಯ ಕೈಗೆ ಹೋಗಬಾರದು ಎಂದು ಅವನಿಗೆ ಕೆಲಸ ಕಲಿಸಿದ ಉಸ್ತಾದ ಬೆರಳಿಗೆ ಹೊಡೆದು ಹೇಳಿದ್ದ. ಹದಿನಾಲ್ಕು ವರ್ಷ ಅವನು ಹಾಗೆಯೇ ದುಡಿದಿದ್ದ.

'ಪಾಪ... ಬಾಯಿ ಬಿಡಸಾಕ ಬಂದಿಲ್ಲ. ನಾಳಿ ಅವರಪ್ಪ ಬರತಾನ. ನಾಲ್ಕ ಮಂದ್ಯಾಗ ನಗಿಪಾಟಲ ಆಗಬಾರದು.'

ಎಲ್ಲಕ್ಕಿಂತ ಸಣ್ಣ ಬ್ರಷ್ ತೆಗೆದ. ಉಸಿರು ಬಿಗಿಹಿಡಿದು, ಯಾವ ಬೋರ್ಡನ್ನೂ ಬರೆದಿರದಷ್ಟು ಪ್ರೀತಿಯಿಂದ, ಆರು ಮುಖಕ್ಕೂ ನಗುವ ಬಾಯಿ ಬಿಡಿಸಿದ.

ಶನಿವಾರ ನಜಮಾಳ ಅಪ್ಪ ಮಾಶಾಕ ಗಾದಿ ಹೊಲಿಯುವುದನ್ನು ಅರ್ಧಕ್ಕೆ ಬಿಟ್ಟು ಬಂದ. ತಲೆಗೂದಲಲ್ಲಿ ಹತ್ತಿಯ ಎಳೆ ಇನ್ನೂ ಅಂಟಿತ್ತು. ಮಗಳ ಚಿತ್ರದ ಮುಂದೆ ಬಹಳ ಹೊತ್ತು ನಿಂತ. ಅವನ ಕಣ್ಣು ತುಂಬಿ ಬಂತು.

"ನೋಡ್ರಿ ಅಕ್ಕೋರ. ಮಾತಾಡಂಗಿಲ್ಲ ಅಂತಿದ್ದಳು. ಮನಸಿನ್ಯಾಗ ಹೆಂಗ ಇಟ್ಟುಕೊಂಡಾಳ ನೋಡ್ರಿ ಆ ಮನಿನ. ಎಲ್ಲಾರೂ ನಕ್ಕೋಂತ ಉಣ್ಣಾಕತ್ತಾರ. ನನ್ನ ಎದಿಮ್ಯಾಗಿನ ಭಾರ ಇಳೀತು."

ಅಕ್ಕೋರ ಮುಖ ಬಿಳಿಚಿತು. "ಮಾಶಾಕಣ್ಣ, ಇದು ಆಕಿ ಬಿಡಿಸಿದ್ದು ಹಿಂಗಿರಲಿಲ್ಲ..."

"ಆಕೀದಲ್ಲಂದ್ರ ಮತ್ಯಾರದ್ರಿ? ಕಣ್ಣಿಗೆ ಕಾಣಾಕತ್ತೈತಿ." ಮಗಳ ತಲೆಯ ಮೇಲೆ ಕೈಯಿಟ್ಟ. "ನಾಳಿ ಸಮಾಧಾನದಿಂದ ಹೋಗವ್ವಾ."

ನಜಮಾ ಹಾಳೆಗೆ ಮುಖ ಹತ್ತಿರ ತಂದು ನೋಡಿದಳು. ಆರು ನಗುಗಳು. ಆ ಸಣ್ಣ, ನಡುಗದ ಗೆರೆ ಯಾರ ಕೈಯದೆಂದು ಅವಳಿಗೆ ಗೊತ್ತಿತ್ತು. ಅಪ್ಪ ಹೊರಗೆ ಹೋದ ಮೇಲೆ ಇನಾಯತನ ಮುಂದೆ ಹೋಗಿ ನಿಂತಳು.

"ಯಾಕ ಮಾಡಿದ್ರಿ?"

"ಅರ್ಧಾ ಇತ್ತಲ್ರಿ... ಪೂರಾ ಮಾಡಿದೆ."

"ಅದು ಪೂರಾ ಆಗಿತ್ತು."

ಅವನಿಗೆ ಅರ್ಥವಾಗಲಿಲ್ಲ. ಕಳಕವ್ವ ಮೂಲೆಯಿಂದ ಕಹಿಯಾಗಿ ಅಂದಳು, "ಆಕೀ ಗಂಡನ ಮನ್ಯಾಗ ಯಾರೂ ಆಕೀನ ಮಾತಾಡಸತಿರಲಿಲ್ಲಪಾ. ನೀ ಅವರಿಗೆ ಬಾಯಿ ಕೊಟ್ಟಿ. ಆಕೀದು ಕಸಗೊಂಡಿ."

ಇನಾಯತ ಗೋಡೆಯ ಕಡೆ ತಿರುಗಿ ಆ ಆರು ಬಾಯಿಗಳನ್ನು ನೋಡಿದ.

ರವಿವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಬೆಟಗೇರಿಗೆ ಬಂದ. ಮಾಶಾಕನ ಮನೆಯ ಬಾಗಿಲಲ್ಲಿ ನಜಮಾ ನಿಂತಿದ್ದಳು. ಅವಳ ಚೀಲ ಕಟ್ಟಿಯಾಗಿತ್ತು.

"ನಿಮ್ಮಪ್ಪಗ ನಾ ಹೇಳತೀನಿ. ತಪ್ಪ ನಂದು."

"ಈಗ ಹೇಳಿದ್ರ ನಂಬತಾನೇನ್ರಿ?"

"ನಂಬಲಿ, ಬಿಡಲಿ..." ಅವನು ನೆಲ ನೋಡಿದ. "ನಿಮ್ಮ ಮ್ಯಾಲ ಜೀವ ಇಟ್ಟೀನಿ. ಅದಕ್ಕ ಮಾಡಿದೆ. ನಿಮಗ ಒಂದ ಮಾತು ಕೇಳಬೇಕಿತ್ತು, ಕೇಳಲಿಲ್ಲ."

ನಜಮಾಳ ಕಣ್ಣು ತುಂಬಿದವು. 'ಇದನ್ನ ನಿನ್ನೆಗಿಂತ ಮೊದಲ ಹೇಳಿದ್ದರ...'

"ನನಗೂ ನೀವು ಬರೂ ಬಸ್ಸಿನ ಟೈಮ್ ಗೊತ್ತಿತ್ತು," ಎಂದಳು ಮೆಲ್ಲಗೆ. "ಆದ್ರ ಇವತ್ತ ನನ್ನ ಸಲುವಾಗಿ ನೀವು ಮಾತಾಡಬ್ಯಾಡ್ರಿ. ಚಿತ್ರದ್ದಷ್ಟ ಹೇಳ್ರಿ. ಉಳಿದದ್ದು ನನಗ ಬಿಡ್ರಿ."

"ಆತು."

ಅಷ್ಟರಲ್ಲಿ ಆಟೋ ಬಂತು. ಮುಸ್ತಾಕ, ಅವನ ತಾಯಿ ಇಳಿದರು. ಎಲ್ಲರೂ ಒಳಗೆ ಕುಳಿತ ಮೇಲೆ ಇನಾಯತ ಹೊಸ್ತಿಲಲ್ಲೇ ನಿಂತು ಮಾಶಾಕನಿಗೆ ಹೇಳಿದ, "ಕಾಕಾ, ನಾ ಬೋರ್ಡ್ ಬರಿಯಾಂವ. ಆ ಚಿತ್ರದಾಗಿನ ಬಾಯಿ ನಾ ಬಿಡಿಸಿದ್ದು. ಆಕಿ ಬಿಡಿಸಿರಲಿಲ್ಲ."

ಮಾಶಾಕ ಅವನನ್ನೂ ಮಗಳನ್ನೂ ನೋಡಿದ. ಅತ್ತೆ ನಕ್ಕಳು.

"ಬೀಗರ, ಬೋರ್ಡ್ ಬರಿಯಾಂವಗ ನಿಮ್ಮ ಮಗಳ ಚಿಂತಿ ಯಾಕ ಬಿತ್ತು? ಈಗ ತಿಳೀತು ಬಿಡ್ರಿ, ಆಕಿಗೆ ಮುಂಡರಗಿ ಯಾಕ ಬ್ಯಾಡಾತು ಅಂತ. ಇರಲಿ. ಮಂದಿ ಬಾಯಿಗೆ ಬೀಳೂದು ಬ್ಯಾಡ. ಚೀಲ ತಗೊಂಡ ನಡಿ ಅಂತ ಆಕಿಗೆ ಹೇಳ್ರಿ."

"ನೀವ ಹೇಳ್ರಿ. ಎದುರಿಗೇ ನಿಂತಾಳಲ್ಲ," ಎಂದ ಮಾಶಾಕ.

ಅತ್ತೆ ಚಹಾದ ಕಪ್ಪನ್ನು ಕೆಳಗಿಟ್ಟಳು. "ನೀವ ಹೇಳಿದ್ರೂ ಒಂದ ಅಲ್ಲೇನ್ರಿ?"

ಮಾಶಾಕನ ಹುಬ್ಬು ಗಂಟಾಯಿತು. "ಅಳಿಯಂದ್ರ, ಹನ್ನೊಂದು ತಿಂಗಳು ಮಾತಾಡಲಿಲ್ಲ ಅಂತಾಳ. ಖರೇನೋ, ಸುಳ್ಳೋ?"

"ಸುಳ್ಳ್ರಿ," ಎಂದ ಮುಸ್ತಾಕ, ಮಾವನ ಕಡೆಗಷ್ಟೇ ನೋಡುತ್ತ.

ನಜಮಾ ಗೋಡೆ ಬಿಟ್ಟು ಮುಂದೆ ಬಂದಳು. ಗಂಡನ ಎದುರಿಗೆ, ಅವನು ಮುಖ ತಿರುಗಿಸಲಾಗದಷ್ಟು ಹತ್ತಿರ ಕುಳಿತಳು.

"ಸುಳ್ಳ ಆಗಲಿ. ಈಗ ಒಂದ ಸಲ ನನ್ನ ಹೆಸರ ಹಿಡದ ಕರೀರಿ. ಎದ್ದು ನಿಮ್ಮ ಹಿಂದ ಬರತೀನಿ."

ಮುಸ್ತಾಕ ತಾಯಿಯ ಮುಖ ನೋಡಿದ. ತಾಯಿ ಸೆರಗು ಸರಿಮಾಡಿಕೊಂಡು ಬೀದಿಯ ಕಡೆ ನೋಡಿದಳು. ಮಾಶಾಕ ಒಬ್ಬೊಬ್ಬರನ್ನೇ ನೋಡುತ್ತ ಹೋದ. ಅವನ ಕೈ ಮೊಣಕಾಲ ಮೇಲೆ ನಿಧಾನವಾಗಿ ಬಿಗಿಯಾಗುತ್ತಿತ್ತು.

ಹೊಸ್ತಿಲಲ್ಲಿದ್ದ ಇನಾಯತನಿಗೆ ಆ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ಹಿಡಿದ.

"ಬರೇ ಹೆಸರ್ರಿ," ಎಂದಳು ನಜಮಾ. "ಕರೀರಿ."