ವಿಮಾನ ಬಿದ್ದ ಹೊಲ

"ಬಿಡು ನನ್ನ! ಅಪ್ಪ ಅಲ್ಲೈದಾನೆ!"

ಗಾದ್ರಮ್ಮ ಕೂಗಿದಳು, ಗುದ್ದಿದಳು, ಕೊನೆಗೆ ಕಚ್ಚಿಯೂ ಬಿಟ್ಟಳು. ಹೆಸರೂ ಗೊತ್ತಿಲ್ಲದ ಆ ಗಂಡಸು ಅವಳನ್ನು ಬಿಗಿಯಾಗಿ ಹಿಡಿದುಕೊಂಡು ಕೆಸರಿನಲ್ಲೇ ಕೂತ.

ಅದು ಯುದ್ಧದ ಕಾಲ. ಬಿಳಿಚೋಡಿನಲ್ಲಿ ಮುಂಗಾರಿನ ಮೊದಲ ಮಳೆ ಸುರಿಯುತ್ತಿದ್ದಾಗ, ಮೋಡದಲ್ಲಿ ದಾರಿ ತಪ್ಪಿದ ವಿಮಾನವೊಂದು ಗಾದ್ರಮ್ಮನ ಮನೆಯವರ ಹೊಲವನ್ನು ಗಟ್ಟಿ ಬಯಲೆಂದು ನಂಬಿ ಇಳಿದಿತ್ತು. ಬಿತ್ತನೆಗೆ ಹದ ಮಾಡಿದ್ದ ನೆಲ! ಚಕ್ರ ಹೂತು ವಿಮಾನ ಮಗುಚಿತು. ಅಪ್ಪ ಒಬ್ಬನನ್ನು ಹೊರಗೆಳೆದು ತಂದು, ಇನ್ನೊಬ್ಬನಿಗಾಗಿ ಮತ್ತೆ ನುಗ್ಗಿದ. ಅಷ್ಟರಲ್ಲಿ ಬೆಂಕಿ... ಮಳೆಗೂ ಆರದ ಬೆಂಕಿ.

ಅವಳನ್ನು ಹಿಡಿದವನು ಅಂಜಿನಪ್ಪ, ಪಕ್ಕದ ಹೊಲದಲ್ಲಿ ಕುರಿ ಮಂದೆ ಹಾಕಿದ್ದವನು.

ಇವನು ಅಡ್ಡ ಬರದಿದ್ದರೆ ಅಪ್ಪ ಉಳಿಯುತ್ತಿದ್ದ... ಈ ಮಾತನ್ನು ಗಾದ್ರಮ್ಮ ಎದೆಯೊಳಗೆ ಸಾಕಿಕೊಂಡಳು.

ಅವನೋ, ಕುರಿಗಳನ್ನು ತಮ್ಮನಿಗೆ ಒಪ್ಪಿಸಿ, ಯಾರೂ ಕರೆಯದೆಯೇ ಬಂದು ವರ್ಷವಿಡೀ ಆ ಹೊಲದಲ್ಲಿ ದುಡಿದ. ಅವ್ವ ಗಿಡ್ಡಮ್ಮ ಕೊಟ್ಟ ರೊಟ್ಟಿಯನ್ನು ಗಾದ್ರಮ್ಮ ಬದುವಿನ ಮೇಲಿಟ್ಟು ಮಾತಿಲ್ಲದೆ ಹಿಂದಿರುಗುತ್ತಿದ್ದಳು. ಆದರೂ ಅವನ ಸೋತ ಮುಖ ಕಂಡರೆ ಕರುಳು ಚುರ್ ಎನ್ನುತ್ತಿತ್ತು. ಅದಕ್ಕೆ ತನ್ನ ಮೇಲೆಯೇ ಅವಳಿಗೆ ಸಿಟ್ಟು.

ಮರುವರ್ಷದ ಮುಂಗಾರು. ಮೋಡದೊಳಗೆ ಮತ್ತೆ ಅದೇ ಸದ್ದು, ತೀರಾ ಕೆಳಗೆ. ಅವ್ವ ಗಂಡನನ್ನು ಕೂಗುತ್ತಾ ಹೊಲದ ಕಡೆ ಓಡಿದಳು. ಗಾದ್ರಮ್ಮ ಹಿಂದೆಯೇ ಓಡಿ ತಬ್ಬಿ ಹಿಡಿದಳು. ಅವ್ವ ಪರಚಿದಳು, ಬಾಯಿಗೆ ಬಂದಂತೆ ಬೈದಳು. ಮಗಳು ಬಿಡಲಿಲ್ಲ. ಹೇಗೆ ತಾನೇ ಬಿಟ್ಟಾಳು?

ಸದ್ದು ದೂರವಾಯಿತು. ಮಡಿಲಲ್ಲಿ ಅವ್ವ ಬಿಕ್ಕುತ್ತಿದ್ದಾಗ ಅಂದು ತನ್ನನ್ನು ಹಿಡಿದಿದ್ದವನ ಪಾಡು ಗಾದ್ರಮ್ಮನಿಗೆ ಅರ್ಥವಾಯಿತು. ಅವಳೂ ಅತ್ತಳು.

ಅಂಜಿನಪ್ಪ ಅಂದೇ ಊರು ಬಿಟ್ಟಿದ್ದ. ಬಿತ್ತನೆ ಮುಗಿದಿತ್ತು, ತನ್ನನ್ನು ಕಂಡರಾಗದವಳ ಕಣ್ಣೆದುರು ಇನ್ನೆಷ್ಟು ದಿನ ಇರುವುದು? ಜಗಳೂರಿನ ದಾರಿಯಲ್ಲಿ, ಗಂಟು ಹೊತ್ತು ಹೋಗುತ್ತಿದ್ದವನನ್ನು ಗಾದ್ರಮ್ಮ ಏದುಸಿರು ಬಿಡುತ್ತಾ ತಡೆದಳು.

"ಅವತ್ತು ಯಾಕೆ ಬಿಡ್ಲಿಲ್ಲ ನನ್ನ?"

"ನಿಮ್ಮಪ್ಪನ್ನ ಉಳಿಸಾಕೆ ಆಗ್ಲಿಲ್ಲ. ನಿನ್ನನ್ನಾದ್ರೂ..." ಅವನು ಗಂಟನ್ನು ಇನ್ನೊಂದು ಹೆಗಲಿಗೆ ಬದಲಿಸಿದ. "ಸರಿ ಮಾಡಿದ್ನೋ ಇಲ್ವೋ, ಇವತ್ತಿಗೂ ತಿಳೀದು."

"ಅಪ್ಪ ಹೋಗಿ ನಾನು ಉಳ್ಕೊಂಡೆ ಅಂತ ನನಗೇ ಸಿಟ್ಟಿತ್ತು. ಅದನ್ನ ನಿನ್ನ ಮೇಲೆ ಹಾಕ್ದೆ." ಅವಳ ಕಣ್ಣು ತುಂಬಿ ಬಂತು. "ಈಗ ನೀನೂ ಹೋದ್ರೆ ನಾನು ಹೆಂಗಿರ್ಲಿ?"

"ನನ್ನ ನೋಡಿದಾಗೆಲ್ಲ ಆ ದಿನ ನೆನಪಾಗ್ತೈತಲ್ಲ, ಗಾದ್ರಮ್ಮ?"

"ಆಗ್ತೈತೆ. ಆಗ್ಲಿ. ಒಬ್ಬಳೇ ನೆನೆಸ್ಕೊಳ್ಳಾಕೆ ನನ್ನ ಕೈಲಿ ಆಗಲ್ಲ."

ಅಂಜಿನಪ್ಪ ಗಂಟನ್ನು ಅವಳ ಕೈಗೆ ಕೊಟ್ಟು, ಬಿಳಿಚೋಡಿನ ಕಡೆ ತಿರುಗಿದ.