ಹಳೇ ಇಂಜಿನ್ನಿನ ಪುಸ್ತಕ

ಮಾಯವ್ವನ ಕೆಲಸ ಬೆರಳಚ್ಚಿನದು. ಬಂಡೆಪ್ಪ ತಂದ ಹಾಳೆಗಳ ತುಂಬ ಇದ್ದದ್ದೂ ಬೆರಳಚ್ಚೇ, ಆದರೆ ಡೀಸೆಲ್ಲಿನದು.

"ಕೈ ತೊಳಕೊಂಡು ಬರೀಬಾರದೇನ್ರಿ?" ಅಂದಳು.

"ತೊಳಕೊಂಡ ಬರದೀನ್ರಿ," ಎಂದು ಅವನು ಅಂಗೈ ಚಾಚಿದ. ಗೆರೆಗೆರೆಯಲ್ಲೂ ಕಪ್ಪು ಕೂತಿತ್ತು. ಮಾಯವ್ವ ನೋಡಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನೋಡಿ, ಮುಖ ತಗ್ಗಿಸಿ ಮಷೀನಿಗೆ ಸ್ಟೆನ್ಸಿಲ್ಲಿನ ಮೇಣದ ಹಾಳೆ ಏರಿಸಿದಳು.

ಅದು ಎಂಬತ್ತೆರಡನೇ ಇಸವಿ. ಹುನಗುಂದದ ಕೋರ್ಟಿನ ಎದುರಿಗೆ ಅವಳ ಅಣ್ಣ ಹುಲ್ಲಪ್ಪನ ಟೈಪಿಂಗ್ ಅಂಗಡಿ. ಬಂಡೆಪ್ಪ ಕಮತಗಿಯ ಪಂಪ್‌ಸೆಟ್ ಮೆಕ್ಯಾನಿಕ್. ಬಾವಿಯ ಮೇಲಿನ ಡೀಸೆಲ್ ಇಂಜಿನ್ ಹೇಗೆ ಬಿಚ್ಚಬೇಕು, ಹೇಗೆ ಕೂಡಿಸಬೇಕು ಎಂಬುದನ್ನೆಲ್ಲ ಬರೆದಿದ್ದ. ಸೈಕ್ಲೊಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆಸಿ ಕೇಳಿದವರಿಗೆಲ್ಲ ಪುಕ್ಕಟೆ ಹಂಚುವುದು ಅವನ ಹಟ. ಕೊನೆಯ ಪುಟದಲ್ಲಿ ಒಂದು ಸಾಲು: 'ಯಾರು ಬೇಕಾದರೂ ನಕಲು ಮಾಡಿಕೊಳ್ಳಿರಿ. ತಪ್ಪು ಕಂಡರೆ ಕಾರ್ಡು ಬರೆಯಿರಿ.'

ಕಾರ್ಡುಗಳು ಬಂದವು. ಇಳಕಲ್ಲಿನ ಮೆಕ್ಯಾನಿಕ್ ಒಬ್ಬ ಒಂದು ಅಳತೆ ತಿದ್ದಿದ, ಬಾಗಲಕೋಟೆಯವನೊಬ್ಬ ಸುಲಭದ ದಾರಿ ತೋರಿಸಿದ. ಪ್ರತಿ ಶನಿವಾರ ಬಂಡೆಪ್ಪ ಅವನ್ನೆಲ್ಲ ಕಿಸೆಯಲ್ಲಿಟ್ಟುಕೊಂಡು ಬಸ್ಸಿಳಿಯುತ್ತಿದ್ದ. ಇಬ್ಬರೂ ಎದುರುಬದುರು ಕೂತು ತಿದ್ದುತ್ತಿದ್ದರು. ಕಿಸೆ ಖಾಲಿ ಇದ್ದ ಶನಿವಾರವೂ ಅವನು ಬರುತ್ತಿದ್ದ.

"ಕಾರ್ಡು ಬಂದಾವೇನು ನೋಡೂಣಂತ ಬಂದ್ನಿ."

"ಕಾರ್ಡು ನಿಮ್ಮ ಮನಿಗೆ ಬರ್ತಾವಲ್ರಿ?"

ಬಂಡೆಪ್ಪನ ಕಿವಿ ಕೆಂಪಾದವು. ಮಾಯವ್ವ ನಗು ತಡೆಯಲಾರದೆ ಚಹಾ ತರಿಸಿದಳು.

ಎರಡು ವರ್ಷಕ್ಕೆ ಹೊಸ ನಮೂನೆಯ ಇಂಜಿನ್ ಬಂದವು. ಬಂಡೆಪ್ಪ ಹುರುಪಿನಿಂದ ಇಡೀ ಪುಸ್ತಕವನ್ನೇ ಬದಲಿಸಿ ಬರೆದ.

"ಹಳೇ ಸ್ಟೆನ್ಸಿಲ್ ಏನ್ ಮಾಡೂದ್ರಿ?"

"ಹರದ್ ಒಗೀರಿ. ಇನ್ನ ಅದನ್ನ ಯಾರ್ ಕೇಳ್ತಾರ?"

ಅವಳಿಗೆ ಮನಸ್ಸು ಒಪ್ಪಲಿಲ್ಲ. ಹೊಲಗಳಲ್ಲಿ ಇನ್ನೂ ಹಳೇ ಇಂಜಿನ್ನುಗಳೇ ಹೆಚ್ಚು. ಆದರೆ ಮೆಕ್ಯಾನಿಕ್ ಅವನು, ತಾನು ಟೈಪ್ ಮಾಡುವವಳು. ಸುಮ್ಮನಿದ್ದುಬಿಟ್ಟಳು. ಹರಿಯಲು ಮಾತ್ರ ಕೈ ಬರದೆ ಟ್ರಂಕಿನಲ್ಲಿಟ್ಟಳು.

ಒಂದು ಬುಧವಾರ ಬಂಡೆಪ್ಪ ಬಾಗಿಲಲ್ಲೇ ನಿಂತು ಒಂದು ಕಾರ್ಡು ಚಾಚಿದ. ಬಾದಾಮಿಯ ಮೆಕ್ಯಾನಿಕ್ ಕಾಳಪ್ಪ ಬರೆದದ್ದು. 'ಹೊಸ ಪುಸ್ತಕ ನೋಡಿ ಹಳೇ ಇಂಜಿನ್ನಿನ ಗೇರು ಕೂಡಿಸಿದೆ. ಪಿಸ್ಟನ್ ಒಡೆಯಿತು. ಉಳ್ಳಾಗಡ್ಡಿ ಬೆಳೆಗೆ ನೀರಿಲ್ಲದೆ ರೈತರು ಸಿಟ್ಟಾಗಿದ್ದಾರೆ, ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ನಾನೇ ಓದುವುದರಲ್ಲಿ ತಪ್ಪಿರಬೇಕು.'

"ಆತಂದು ತಪ್ಪಿಲ್ರಿ. ಗೇರಿನ ಹಲ್ಲು ಕೂಡಿಸೂ ಗುರ್ತು ಹಳೇದರದು ಬ್ಯಾರೆ, ಹೊಸಾದರದು ಬ್ಯಾರೆ. ಯಾವ ಇಂಜಿನ್ನಿಂದು ಅಂತ ನಾ ಬರೀಲೇ ಇಲ್ಲ." ಅವನ ದನಿ ಒಡೆದಿತ್ತು. "ಇನ್ನ ಪುಸ್ತಕ ಬ್ಯಾಡ್ರಿ. ಬಂದ್ ಮಾಡೂಣ."

ಅವಳು ಏಳುವಷ್ಟರಲ್ಲಿ ಅವನು ರಸ್ತೆ ದಾಟಿದ್ದ.

ಮೂರು ಶನಿವಾರ ಬಂಡೆಪ್ಪ ಬರಲಿಲ್ಲ. ಬಸ್ಸಿನ ಹಾರ್ನು ಕೇಳಿದಾಗೆಲ್ಲ ಮಾಯವ್ವನ ಬೆರಳು ತಪ್ಪು ಅಕ್ಷರದ ಮೇಲೆ ಬೀಳುತ್ತಿತ್ತು. ಅವನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ತನ್ನ ಮೇಲೆ. ಟ್ರಂಕು ತೆರೆದು ಹಳೇ ಸ್ಟೆನ್ಸಿಲ್ ಹೊರತೆಗೆದಳು. ನಾಲ್ಕನೇ ಶನಿವಾರ ತಾನೇ ಕಮತಗಿಯ ಬಸ್ಸು ಹತ್ತಿದಳು.

ಗ್ಯಾರೇಜಿನಲ್ಲಿ ಬಂಡೆಪ್ಪ ಒಬ್ಬನೇ ಇದ್ದ. ಅವಳನ್ನು ನೋಡಿ ಗಾಬರಿಯಿಂದ ಎದ್ದು ಸ್ಟೂಲು ಒರೆಸಿದ.

"ನಿನ್ನಿ ಬಾದಾಮಿಗೆ ಹೋಗಿದ್ನಿರಿ. ಹೊಸಾ ಪಿಸ್ಟನ್ ನಾನ ಕೂಡಿಸಿದ್ನಿ. ತಪ್ಪು ನಂದು ಅಂತ ರೈತರ ಮುಂದ ಹೇಳಿದ್ನಿ. ಕಾಳಪ್ಪ ಚಾ ಕುಡಿಸಿ ಕಳಿಸಿದ. ಬೈದಿದ್ರ ಚೊಲೊ ಇತ್ತು."

"ತಪ್ಪು ನಿಮ್ಮದೊಂದ ಅಲ್ರಿ. ನನಗ ಅನಿಸಿತ್ತು, ಬಾಯಿ ಬಿಡಲಿಲ್ಲ."

ಅವಳು ಚೀಲದಿಂದ ಎರಡು ಪುಸ್ತಕ ತೆಗೆದಿಟ್ಟಳು. ಹಳೇ ಇಂಜಿನ್ನಿನದಕ್ಕೆ ಕೆಂಪು ರಟ್ಟು, ಹೊಸದಕ್ಕೆ ನೀಲಿ. ಪ್ರತಿ ಪುಟದ ನೆತ್ತಿಯ ಮೇಲೆ ಇದು ಯಾವ ಇಂಜಿನ್ನಿನದು, ಯಾವ ತಾರೀಖಿಗೆ ತಿದ್ದಿದ್ದು ಎಂದು ಬರೆದಿತ್ತು.

"ಕಾರ್ಡು ಬಂದ್ರ ಮೊದಲ ಕೇಳೂದು, ಯಾವ ಇಂಜಿನ್ನಿಂದು ಅಂತ. ಎರಡಕ್ಕೂ ಹೊಂದಿದ್ರ ಎರಡರಾಗೂ ತಿದ್ದೂದು. ಹೊಸಾದು ಬಂತಂತ ಹಳೇದನ್ನ ಕೈ ಬಿಡಬಾರದು."

ಬಂಡೆಪ್ಪ ಒಂದೊಂದೇ ಪುಟ ತಿರುವಿದ. ಕಪ್ಪು ಹತ್ತೀತೆಂದು ಉಗುರಿನ ತುದಿಯಿಂದ ತಿರುವುತ್ತಿದ್ದ.

"ಎರಡೆರಡು ಪುಸ್ತಕ ಯಾರ್ ನೋಡಕೊಂಡ್ ಕುಂಡ್ರತಾರ್ರಿ?"

"ನಾ ಕುಂಡ್ರತೇನಿ."

"ಎಷ್ಟ್ ದಿನ?"

"ಹಳೇ ಇಂಜಿನ್ ನಡಿಯೂತನಕ."

ಅವನು ತಲೆ ಎತ್ತಿದ. "ನಾ ರಿಪೇರಿ ಮಾಡಿದ ಇಂಜಿನ್ ಮೂವತ್ತು ವರ್ಷ ನಡೀತಾವ, ಮಾಯವ್ವಾರ."

"ಹಂಗಾದ್ರ ಮೂವತ್ತು ವರ್ಷ."

ಹೊರಗೆ ಎತ್ತಿನ ಗಾಡಿಯೊಂದು ಹಾದುಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೂ ಬಂಡೆಪ್ಪ ಅರಿವೆಯಿಂದ ಕೈ ಒರೆಸುತ್ತಲೇ ಇದ್ದ.

"ಅಷ್ಟ್ ವರ್ಷ ಶನಿವಾರಕ್ಕೊಮ್ಮೆ ಬಸ್ಸಿಗೆ ಓಡಾಡೂದು ನನ್ನ ಕೈಲೆ ಆಗೂದಿಲ್ರಿ."

"ದಾರಿ ಕಾಯೂದು ನನ್ನ ಕೈಲೂ ಆಗೂದಿಲ್ಲ," ಅಂದಳು ಮಾಯವ್ವ. "ಈ ಮೂರು ಶನಿವಾರ ನೋಡಿದ್ನಿ."

ಅವನ ಕಿವಿ ಮತ್ತೆ ಕೆಂಪಾದವು. ಈ ಸಲ ಅವಳು ನಗಲಿಲ್ಲ.

"ನಿಮ್ಮ ಅಣ್ಣಾರನ್ನ ಕೇಳ್ಲೇನ್ರಿ?" ಅಂದ, ಮೆಲ್ಲಗೆ.

"ಕೇಳ್ರಿ," ಅಂದಳು ಅವಳು. "ನನ್ನ ಕೇಳಿದ್ದು ಆತಲ್ಲ."